ಮನೆ ಎಷ್ಟಕ್ಕೆ ಕೇಳೋಣ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿ ಹೋದರು. ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಅವರ ಕಾಲಕ್ಕೆ ಅಂಥ ಪ್ರಸಂಗ ಕಡಿಮೆಯಿತ್ತೋ ಏನೋ! ಹುಮನಾಬಾದಿನಲ್ಲಿ ಹದಿನೇಳು ವರ್ಷ ಬಾಡಿಗೆ ಮನೆಯಲ್ಲಿದ್ದ ನಾವು ಈಚೆಗೆ ಆ ಸಾಹಸವನ್ನೂ ಮಾಡಿದೆವು. ಮೊದಲ ಸಲ ಎಡವಿದೆವು, ಎರಡನೆಯ ಸಲ ದಡ ಸೇರಿದೆವು. ಎಡವಿದ್ದು ಎಲ್ಲಿ, ದಡ ಸೇರಿದ್ದು ಹೇಗೆ ಎಂಬುದನ್ನು ಸೋದರಿಯರಾದ ನಿಮ್ಮ ಮುಂದೆ ಹೇಳಿಕೊಳ್ಳಲೆಂದೇ ಈ ಬರಹ.

ನಾನು ಓದಿದ್ದು ಹತ್ತನೆಯ ಇಯತ್ತೆ. ಇವರು ಅನುದಾನಿತ ಶಾಲೆಯೊಂದರಲ್ಲಿ ಗುಮಾಸ್ತರು. ಮಗಳು ಪಿಯುಸಿ ಎರಡನೆಯ ವರ್ಷ, ಮಗ ಎಂಟನೆಯ ತರಗತಿ. ದೊಡ್ಡ ವ್ಯವಹಾರ ಮಾಡಿ ಗೊತ್ತಿಲ್ಲದ ಮನೆತನ ನಮ್ಮದು.

ಸಂತೆಯಲ್ಲಿ ಬದನೆಕಾಯಿ ಕೇಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ಲವೇ? ಆಕೆ ಅರವತ್ತು ಅಂದರೆ ನಾವು ನಲವತ್ತು ಅನ್ನುತ್ತೇವೆ, ಐವತ್ತಕ್ಕೆ ಮುಗಿಯುತ್ತದೆ. ಮನೆಗೂ ಇದೇ ಲೆಕ್ಕ ಹಚ್ಚುವವರು ಬಹಳ ಮಂದಿ. ಅವರು ಮೂವತ್ತಾರು ಲಕ್ಷ ಹೇಳಿದರೆ ನಾವು ಮೂವತ್ತಕ್ಕೆ ಕೇಳುವುದು, ನಡುವೆ ಎಲ್ಲೋ ಒಂದು ಕಡೆ ನಿಲ್ಲುವುದು! ಆದರೆ ಈ ಲೆಕ್ಕ ಶುರುವಾಗುವುದು ಮಾರುವವರ ಬಾಯಿಂದ ಬಂದ ಅಂಕಿಯಿಂದ. ಆ ಅಂಕಿಯೇ ತಪ್ಪಿದ್ದರೆ? ಅದು ನಮ್ಮ ಕೈಗೆ ಎಟುಕದ್ದಾಗಿದ್ದರೆ? ಬದನೆಕಾಯಿಯಲ್ಲಿ ಹತ್ತು ರೂಪಾಯಿ ಹೋದರೆ ಸಂಜೆಗೆ ಮರೆಯುತ್ತೇವೆ. ಮನೆಯಲ್ಲಿ ತಪ್ಪಿದ್ದನ್ನು ಇಪ್ಪತ್ತು ವರ್ಷ ಕಂತಿನಲ್ಲಿ ಕಟ್ಟುತ್ತ ನೆನೆಯಬೇಕಾಗುತ್ತದೆ.

ಬಸವಕಲ್ಯಾಣದ ಮನೆ

ನನ್ನ ತವರು ಬಸವಕಲ್ಯಾಣ. ಹೋದ ದಸರೆ ಮುಗಿದ ಮೇಲೆ ಅಲ್ಲಿ ಕೋಟೆಯ ಕಡೆಯ ಓಣಿಯಲ್ಲಿ ಒಂದು ಹಳೆಯ ಮನೆ ಮಾರಾಟಕ್ಕಿದೆಯೆಂದು ದಲಾಲಿಯೊಬ್ಬರು ತಿಳಿಸಿದರು. ಹುಮನಾಬಾದಿನಿಂದ ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ತಿರುಗಿದರೆ ಊರು ಬಂದೇಬಿಟ್ಟಿತು. ಇವರು ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡಬಹುದು, ನನಗೂ ತವರಿನ ನೀರು ಸಿಕ್ಕೀತು ಎಂದು ಇಬ್ಬರೂ ಹುರುಪಿನಿಂದ ಹೊರಟೆವು.

ದಪ್ಪ ಕಲ್ಲಿನ ಗೋಡೆ, ನಡುವೆ ಅಂಗಳ, ಶಹಾಬಾದ್ ಕಲ್ಲಿನ ನೆಲ, ಬೆಳಕು ಬೀಳುವ ಅಡಿಗೆಮನೆ. ನಾನು ಹೊಸ್ತಿಲಲ್ಲಿ ನಿಂತೇ ಬಾಯಿಬಿಟ್ಟೆ: “ಅಯ್ಯ, ಎಷ್ಟು ಛಂದ ಅದರಿ! ಇಂಥಾ ಅಡಿಗಿಮನಿ ನಾ ನೋಡೇ ಇಲ್ಲ.” ಮನೆಯ ಹಿರಿಯಣ್ಣ ದಲಾಲಿಯ ಮುಖ ನೋಡಿದರು. ದಲಾಲಿ ಮೀಸೆಯೊಳಗೇ ನಕ್ಕರು. ಬೆಲೆ ಅಲ್ಲಿಗೇ ಗಟ್ಟಿಯಾಯಿತು.

“ನಲವತ್ತರ ಮನಿ ಅದರಿ ಇದು. ನಮ್ಮೂರ ಹೆಣ್ಣುಮಗಳು ಅಂತ ಮೂವತ್ತಾರು ಹೇಳಲಿಕತ್ತೀವಿ. ಅನುಭವ ಮಂಟಪ ಪೂರಾ ಆಗಲಿ, ಆಮ್ಯಾಲ ಐವತ್ತಕ್ಕೂ ಸಿಗಂಗಿಲ್ಲ” ಎಂದರು ಹಿರಿಯಣ್ಣ.

2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದ ಮೇಲೆ ನಮ್ಮೂರಿನಲ್ಲಿ ಯಾರ ಮನೆ ಕೇಳಿದರೂ ಈ ಮಾತು ತಪ್ಪಿದ್ದಲ್ಲ. ಆಗ ಸುಮಾರು 500 ಕೋಟಿ ರೂಪಾಯಿಯ ಕೆಲಸ ಎಂದಿದ್ದರು, ಊರಿಗೆ ಒಳ್ಳೆಯದೇ ಆಗಲಿ. ಆದರೆ ನಾಳೆ ಬರಬಹುದಾದ ಬೆಲೆಯನ್ನು ಇಂದೇ ನಾವು ಕೊಟ್ಟುಬಿಟ್ಟರೆ ಆ ಲಾಭ ಯಾರದ್ದಾಯಿತು ಹೇಳಿ? ಕೊಳ್ಳುವವರು ಕೊಡಬೇಕಾದದ್ದು ಇಂದಿನ ಬೆಲೆಯನ್ನು ಮಾತ್ರ.

ಈ ಬುದ್ಧಿ ಆಗ ನನಗೆಲ್ಲಿತ್ತು? ಇವರು ಮೂವತ್ತು ಲಕ್ಷಕ್ಕೆ ಕೇಳಿದರು. ಎರಡು ದಿನಕ್ಕೆ ದಲಾಲಿಯ ಫೋನು: “ಹೈದರಾಬಾದ ಪಾರ್ಟಿ ಬರ್ಲಿಕತ್ತದ, ಲಗೂನ ಹೇಳ್ರಿ.” ನಾವು ಮೂವತ್ತೊಂದೂವರೆಗೆ ಏರಿದೆವು. ಮತ್ತೆರಡು ದಿನಕ್ಕೆ ಮೂವತ್ತೆರಡೂವರೆ. ಆ ಹೈದರಾಬಾದಿನವರನ್ನು ನಾವಂತೂ ಕಣ್ಣಾರೆ ಕಾಣಲಿಲ್ಲ.

ಆ ರಾತ್ರಿ ಇವರು ಊಟಕ್ಕೆ ಕೂತಾಗ ಮೆಲ್ಲಗೆ ಅಂದರು: “ನಿನ್ನ ನಾಲ್ಕು ತೊಲಿ ಬಂಗಾರ ಮಾರಿದ್ರ ಆಗ್ತದ. ಉಳಿದದ್ದು ಕೈಗಡ ತರೋಣ.” ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಮನೆಯ ಆಸೆ ನನ್ನದೂ ಇತ್ತಲ್ಲ, ಇವರನ್ನು ಬೈಯಲೂ ಬಾಯಿಲ್ಲ. ಊಟವಾದ ಮೇಲೆ ಮಗಳ ಹಳೆಯ ನೋಟ್‌ಬುಕ್ ತೆಗೆದು ಮೊಟ್ಟಮೊದಲ ಬಾರಿ ಲೆಕ್ಕ ಬರೆದೆ. ನಮ್ಮ ಉಳಿತಾಯ 10 ಲಕ್ಷ, ಬ್ಯಾಂಕಿನಿಂದ ತಾಳಿಕೊಳ್ಳಬಹುದಾದ ಸಾಲ 19 ಲಕ್ಷ, ಒಟ್ಟು 29. ಮನೆಗೆ 32.5 ಲಕ್ಷ, ಅದರ ಮೇಲೆ ಸರ್ಕಾರದ ಶುಲ್ಕ ಸುಮಾರು 2.5 ಲಕ್ಷ, ಒಟ್ಟು 35. ಆರು ಲಕ್ಷ ಕಡಿಮೆ ಬಿದ್ದಿತ್ತು! ಎರಡು ಸಲ ಏರಿಸಿದ ನಾವು ಒಂದು ಸಲವೂ ಕೂಡಿಸಿ ನೋಡಿರಲಿಲ್ಲ.

ಒಳಮನೆಯಲ್ಲಿ ಕೇಳಿದ ಮಾತು

ಆದರೂ ಇವರ ಮನಸ್ಸು ತಡೆಯದೆ ಇನ್ನೊಂದು ಸಲ ಹೋದೆವು. ಗಂಡಸರು ಹೊರಗೆ ಮಾತಾಡುತ್ತಿದ್ದರು. ನಾನು ಒಳಗೆ ಹಿರಿಯ ಸೊಸೆಯ ಜೊತೆ ಚಹಾ ಕುಡಿಯುತ್ತ, ಹೆಂಗಸರು ಕೇಳುವ ಹಾಗೆ ಸಹಜವಾಗಿ, “ನಿಮ್ಮ ಮನ್ಯಾಗ ಅಣ್ಣತಮ್ಮರು ಇಬ್ಬರೇನ್ರಿ? ಅಕ್ಕತಂಗೇರು ಇಲ್ಲೇನು?” ಎಂದೆ.

“ಒಬ್ಬಾಕಿ ನಾದಿನಿ ಹಾಳರಿ, ಉಮರಗಾದಾಗ. ಆಕೀಗಿ ಲಗ್ನದಾಗ ಭಾಳ ಕೊಟ್ಟೀವಿ. ಈಗೇನದ ಆಕೀದು?”

ಮನೆ ತೀರಿಕೊಂಡ ತಂದೆಯದು. ಕೊಡುವ ಕಾಗದದಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರ. ಉಮರಗಾದ ತಂಗಿಗೆ ಈ ಮಾರಾಟದ ಸುದ್ದಿಯೇ ಇರಲಿಲ್ಲ.

ಹೊರಗೆ ಬಂದು ಇದನ್ನು ಹೇಳಿದಾಗ ದಲಾಲಿ ಅಳುಕಲಿಲ್ಲ. “ಅದೇನು ದೊಡ್ಡ ಮಾತಲ್ರಿ. ಆಕಿ ಸಹಿ ಇಲ್ಲ ಅಂತ ಎರಡು ಲಕ್ಷ ಕಮ್ಮಿ ಮಾಡಸ್ತೀನಿ. ಮೂವತ್ತೂವರೆಗೆ ಮುಗಸಿಬಿಡ್ರಿ” ಎಂದರು. ಇವರು ನನ್ನ ಮುಖ ನೋಡಿದರು. ಎರಡು ಲಕ್ಷವೆಂದರೆ ಸುಮ್ಮನೆಯೇ?

ಸೋದರಿಯರೇ, ಇಲ್ಲಿ ನನ್ನದೊಂದು ಕಥೆ ಹೇಳಬೇಕು. ನಮ್ಮಪ್ಪ ತೀರಿಕೊಂಡ ಎರಡು ವರ್ಷಕ್ಕೆ ತವರಿನ ಮನೆಯನ್ನು ಮಾರಿದರು. ನನ್ನನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು. ಹತ್ತು ನಿಮಿಷದ ಕೆಲಸ. ಒಂದು ಸೀರೆ ಉಡಿಸಿ, ಬಸ್ಸು ಹತ್ತಿಸಿ ಕಳಿಸಿದರು. ಎಷ್ಟಕ್ಕೆ ಮಾರಿದರೆಂಬುದನ್ನು ಆರು ತಿಂಗಳ ಮೇಲೆ ನೆರೆಯವರಿಂದ ಕೇಳಿ ತಿಳಿದೆ. ಪಾಲು ಸಿಗಲಿಲ್ಲವೆಂಬ ನೋವಿಗಿಂತ, ಆ ಅಂಕಿಯನ್ನು ನನಗೊಂದು ಮಾತು ಹೇಳಲಿಲ್ಲವಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಕೇಳುವ ಧೈರ್ಯ ನನಗೂ ಇರಲಿಲ್ಲ ಅನ್ನಿ.

ಆದರೆ ಉಮರಗಾದ ಆ ಹೆಣ್ಣುಮಗಳಿಗೆ ನಾನೇ ಅದನ್ನು ಮಾಡಲೇ? “ಬ್ಯಾಡರಿ, ಏಳ್ರಿ” ಎಂದು ಇವರನ್ನು ಎಬ್ಬಿಸಿಕೊಂಡು ಬಂದೆ. ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಧರ್ಮದ ಮಾತು ಒಂದು ಕಡೆಗಿರಲಿ, ವ್ಯವಹಾರದ ಮಾತೂ ಅದೇ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿಯೇ ಇದೆ. ಪಿತ್ರಾರ್ಜಿತದಲ್ಲಿಯೂ ಮಗಳು ಹುಟ್ಟಿನಿಂದಲೇ ಸಮಪಾಲಿನವಳೆಂದು 2005ರ ತಿದ್ದುಪಡಿ ಹೇಳಿತು. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಅದಕ್ಕೆ ಅಡ್ಡಿಯಲ್ಲವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮುಸ್ಲಿಂ ಮನೆತನಗಳಲ್ಲಿಯೂ ಮಗಳಿಗೆ ಪಾಲು ಉಂಟು. ಲಗ್ನದಲ್ಲಿ ಬಂಗಾರ ಕೊಟ್ಟರೆ ಆ ಹಕ್ಕು ತೀರುವುದಿಲ್ಲ. ನಾಳೆ ಆಕೆ ಕೋರ್ಟಿಗೆ ಹೋದರೆ ಎರಡು ಲಕ್ಷದ ರಿಯಾಯಿತಿ ವಕೀಲರಿಗೇ ಸಾಲುವುದಿಲ್ಲ.

ಅಲ್ಲಿ ನಾನು ಕಲಿತ ಪಾಠವಿದು: ಮನೆಯ ದೋಷದಲ್ಲಿ ಎರಡು ಬಗೆ. ಸೋರುವ ಮಾಳಿಗೆ, ಹಳೆಯ ವಾಯರಿಂಗು, ಕಿತ್ತ ನೆಲ - ಇವಕ್ಕೆ ಬೆಲೆ ಕಟ್ಟಬಹುದು, ಅಷ್ಟನ್ನು ಕಳೆದು ಕೇಳಬಹುದು. ಇಲ್ಲದ ಸಹಿ, ತೀರದ ಸಾಲ, ಕೋರ್ಟಿನ ತಕರಾರು - ಇವಕ್ಕೆ ಬೆಲೆ ಕಟ್ಟಬಾರದು. ಇವು ಸರಿಯಾಗುವವರೆಗೆ ಅಂಕಿಯ ಮಾತೇ ಎತ್ತಬಾರದು. ಅದಕ್ಕಾಗಿ ಉಪನೋಂದಣಿ ಕಚೇರಿಯಿಂದ ಕನಿಷ್ಠ 30 ವರ್ಷದ ಋಣಭಾರ ಪತ್ರ ತೆಗೆಸಿ. ನಗರಸಭೆ ಅಥವಾ ಪುರಸಭೆಯ ಉತಾರ ನೋಡಿ. ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲವಾದ್ದರಿಂದ ಅದು ಆಗಿದೆಯೇ ಎಂದು ಕೇಳಿ. ವಕೀಲರಿಗೆ ಕೊಡುವ ಹಣಕ್ಕೆ ಜಿಪುಣತನ ಮಾಡಬೇಡಿ.

ಆ ಮನೆಯ ಗೋಡೆಯ ಬಗ್ಗೆಯೂ ಒಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕು ನಮ್ಮ ಕಡೆಯ ಹಿರಿಯರಿಗೆ ಮರೆತಿಲ್ಲ. ಗಣಪತಿ ಕಳಿಸಿ ಮಲಗಿದ ರಾತ್ರಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ನಾನಾಗ ಸಣ್ಣವಳು. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಗಡಗಡ ಉರುಳಿದ್ದು ಇನ್ನೂ ಕಿವಿಯಲ್ಲಿದೆ. ಆ ಸೀಮೆಯಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಬಿದ್ದದ್ದೇ ಹೆಚ್ಚಿನ ಸಾವಿಗೆ ಕಾರಣ. ಹಳೆಯ ಮನೆ ಕೊಳ್ಳುವವರು ತಿಳಿದ ಗೌಂಡಿಯನ್ನೋ ಇಂಜಿನಿಯರನ್ನೋ ಕರೆದೊಯ್ದು, ಗೋಡೆಯೊಳಗೆ ಸಿಮೆಂಟು ಸುಣ್ಣವೋ ಬರೀ ಮಣ್ಣೋ ಎಂದು ತೋರಿಸಬೇಕು. ಬರೀ ಮಣ್ಣಾದರೆ ಜಾಗದ ಬೆಲೆ ಮಾತ್ರ ಹಿಡಿಯಿರಿ. ಗೋಡೆಯ ಅಂದಕ್ಕೆ ದುಡ್ಡು ಕೊಡಬೇಡಿ.

ನೋಟ್‌ಬುಕ್ಕಿನ ಮೂರು ಅಂಕಿ

ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಊಟ ಮಾಡುವಾಗ ಪರಿಚಯದವರೊಬ್ಬರು ಹುಮನಾಬಾದಿನಲ್ಲೇ ಒಂದು ಮನೆಯ ಸುದ್ದಿ ಹೇಳಿದರು. 30-40ರ ಪ್ಲಾಟು, ಅದರಲ್ಲಿ 850 ಚದರಡಿಯ ಸ್ಲ್ಯಾಬ್ ಮನೆ, ಕಟ್ಟಿ ಹದಿನೇಳು ವರ್ಷ. ಹೇಳುವ ಬೆಲೆ 28 ಲಕ್ಷ. ಮಾಲೀಕರು ತಾವೇ ಜಾಗ ಕೊಂಡು ಕಟ್ಟಿಸಿದ್ದು, ಕಾಗದ ಚೊಕ್ಕ.

ಈ ಸಲ ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಾಲ್ಕು ಸಲ ಹೋಗಿ ನೋಡಿದೆ, ಬೇರೆ ಬೇರೆ ಹೊತ್ತಿನಲ್ಲಿ. ಬೆಳಿಗ್ಗೆ ನಳದ ನೀರು ಬರುವಾಗ, ಮಧ್ಯಾಹ್ನದ ಬಿಸಿಲಿನಲ್ಲಿ, ರಾತ್ರಿ ಓಣಿಯ ದೀಪ ನೋಡಲು. ಪಕ್ಕದ ಮನೆಯಾಕೆಯನ್ನು “ಬೋರಿಗೆ ಬ್ಯಾಸಗ್ಯಾಗ ನೀರು ಇರ್ತದೇನ್ರಿ?” ಎಂದು ಕೇಳಿದೆ. ಗೋಡೆಯ ಬಿರುಕಿನಲ್ಲಿ ಬೆರಳಿಟ್ಟು ನೋಡಿದೆ. ನಮ್ಮ ಜಿಲ್ಲೆಯಲ್ಲಿ ಕೆಂಪು ಮಣ್ಣೂ ಉಂಟು, ಎರೆಮಣ್ಣೂ ಉಂಟು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಮನೆಯ ಅಡಿಪಾಯ ಆಳವಿಲ್ಲದಿದ್ದರೆ ಗೋಡೆಯೂ ಬಿರಿಯುತ್ತದೆ. ಇದು ಕೆಂಪು ನೆಲದ ಮನೆ. ಬಿರುಕು ಗಿಲಾವಿನದು ಮಾತ್ರ ಎಂದು ನಮ್ಮ ಗೌಂಡಿ ಹೇಳಿದ.

ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಅಂಕಿ ಬರೆದೆವು. ನೀವೂ ಇದನ್ನೇ ಬರೆಯಿರಿ.

ಮೊದಲನೆಯದು, ಸುತ್ತಲಿನ ಮನೆಗಳು ನಿಜವಾಗಿ ಮಾರಾಟವಾದ ಬೆಲೆ. ಹೇಳಿದ ಬೆಲೆಯನ್ನು ಬರೆಯಬೇಡಿ, ಕೈಗೆ ಬಂದ ಬೆಲೆಯನ್ನು ಬರೆಯಿರಿ. ಇದನ್ನು ದಲಾಲಿಗಿಂತ, ಈಚೆಗೆ ಕೊಂಡವರೇ ಸರಿಯಾಗಿ ಹೇಳುತ್ತಾರೆ. ಹಿಂದಿನ ಓಣಿಯಲ್ಲಿ ಇಂಥದೇ ಮನೆ 25 ಲಕ್ಷಕ್ಕೆ ಹೋಗಿತ್ತು.

ಎರಡನೆಯದು, ಜಾಗ ಮತ್ತು ಕಟ್ಟಡದ ಬೆಲೆ. ಆ ಓಣಿಯಲ್ಲಿ ಖಾಲಿ ಪ್ಲಾಟು ಚದರಡಿಗೆ 1,100 ರೂಪಾಯಿಗೆ ಹೋಗಿತ್ತು. 1,200 ಚದರಡಿಗೆ 13.2 ಲಕ್ಷವಾಯಿತು. ಇಂಥ ಮನೆಯನ್ನು ಹೊಸದಾಗಿ ಕಟ್ಟಿಸಿದರೆ ಚದರಡಿಗೆ 1,800 ಎಂದು ಗೌಂಡಿ ಹೇಳಿದ. 850ಕ್ಕೆ 15.3 ಲಕ್ಷ. ಹದಿನೇಳು ವರ್ಷ ಹಳೆಯದೆಂದು ಕಾಲು ಭಾಗ ಕಳೆದರೆ ಸುಮಾರು 11.5 ಲಕ್ಷ. ಎರಡೂ ಕೂಡಿ 24.7 ಲಕ್ಷ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮ ಕೈಗೆ ತಾಳುವ ಬೆಲೆ. ಇದನ್ನು ಮೇಲಿನಿಂದ ಕೆಳಗೆ ಕಳೆಯುತ್ತ ಬರಬೇಕು:

ಠೇವಣಿ, ಪಿ.ಎಫ್., ನನ್ನ ಸಂಘದ ಉಳಿತಾಯ - 10,00,000
ಬ್ಯಾಂಕ್ ಸಾಲ - 19,00,000
ಒಟ್ಟು - 29,00,000
ಇದರಲ್ಲಿ ಬೇನೆ ಬೇಸರಿಕೆಗೆಂದು ಮುಟ್ಟದೆ ಇಡುವುದು - 1,00,000
ರಿಪೇರಿ (ಮಾಳಿಗೆ 45,000, ಬಚ್ಚಲಿನ ಪೈಪು 30,000, ವಾಯರಿಂಗು 25,000, ಬಣ್ಣ 25,000) - 1,25,000
ವಕೀಲರು ಮತ್ತು ದಲಾಲಿ - 35,000
ಉಳಿದದ್ದು - 26,40,000

ಈ 26.4 ಲಕ್ಷದಲ್ಲಿ ಮನೆಯ ಬೆಲೆಯೂ ಸರ್ಕಾರದ ಶುಲ್ಕವೂ ಎರಡೂ ಆಗಬೇಕು. ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಪಟ್ಟಣಗಳಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿತು. ಕೂಡಿದರೆ ಶೇ. 7.6. ಪಕ್ಕದ ಮಹಾರಾಷ್ಟ್ರದಲ್ಲಿ ಹೆಂಗಸರ ಹೆಸರಿಗೆ ಮನೆ ಕೊಂಡರೆ ಶೇ. 1 ರಿಯಾಯಿತಿಯನ್ನು 2021ರಲ್ಲಿ ತಂದರು. ನಮ್ಮಲ್ಲಿ ಅದಿಲ್ಲ. 24.5 ಲಕ್ಷದ ಮನೆಗೆ ಶುಲ್ಕ 1,86,200. ಎರಡೂ ಸೇರಿ 26,36,200. ಅಲ್ಲಿಗೆ ನಮ್ಮ ಗೆರೆ ಸಿಕ್ಕಿತು: 24.5 ಲಕ್ಷ. ಅದರ ಮೇಲೆ ಹತ್ತು ಸಾವಿರವೂ ಇಲ್ಲ.

ಮೂರು ಅಂಕಿ - 25, 24.7, 24.5. ಇವುಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ನಿಮ್ಮ ಕೊನೆಯ ಬೆಲೆ. ಅದನ್ನು ಬರೆದು, ಕೆಳಗೆ ಗೆರೆ ಎಳೆದು, ಗಂಡಹೆಂಡಿರಿಬ್ಬರೂ ಸಹಿ ಹಾಕಿ. ನಗಬೇಡಿ, ನಾವು ನಿಜವಾಗಿ ಹಾಕಿದೆವು. ಬಂಗಾರವನ್ನು ಆ ಲೆಕ್ಕದಲ್ಲಿ ಸೇರಿಸಿಲ್ಲ ಎಂಬುದನ್ನು ಗಮನಿಸಿದಿರಷ್ಟೆ?

ಒಂದು ಲಕ್ಷವೆಂದರೆ ಎರಡು ಲಕ್ಷ

“ಇರಲಿ ಬಿಡು, ಒಂದು ಲಕ್ಷದಾಗ ಏನದ?” ಎಂಬ ಮಾತು ಚೌಕಾಸಿಯ ಹೊತ್ತಿಗೆ ಬಂದೇ ಬರುತ್ತದೆ. ಏನದ ಎಂಬುದನ್ನು ಮಗಳು ಮೊಬೈಲಿನಲ್ಲಿ ಲೆಕ್ಕ ಮಾಡಿ ತೋರಿಸಿದಳು. ಬಡ್ಡಿ ಶೇ. 8.5 ಎಂದು ಹಿಡಿದರೆ, 20 ವರ್ಷದ ಸಾಲದಲ್ಲಿ ಲಕ್ಷಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ ಕಂತು. 240 ಕಂತು ಕೂಡಿದರೆ 2,08,000ಕ್ಕೂ ಮಿಕ್ಕಿತು. ಅಂದರೆ ಬಾಯಿಮಾತಿನಲ್ಲಿ ಏರಿಸಿದ ಒಂದು ಲಕ್ಷ, ಕೊನೆಗೆ ನಮ್ಮ ಕಿಸೆಯಿಂದ ಎರಡು ಲಕ್ಷವಾಗಿ ಹೋಗುತ್ತದೆ. 19 ಲಕ್ಷಕ್ಕೆ ಕಂತು ತಿಂಗಳಿಗೆ ಸುಮಾರು 16,490. ಬಾಡಿಗೆಯ 7,000 ಉಳಿಯುತ್ತದೆ, ಮಿಕ್ಕದ್ದನ್ನು ಹೊಂದಿಸಬಹುದು. ಇದಕ್ಕಿಂತ ಮೇಲೆ ಹೋದರೆ ಮಗಳ ಮುಂದಿನ ಓದಿಗೆ ಕೈ ಹಾಕಬೇಕು. ಇಷ್ಟನ್ನು ಬರೆದಿಟ್ಟುಕೊಂಡವರಿಗೆ “ಒಂದು ಲಕ್ಷದಾಗ ಏನದ” ಎಂಬ ಮಾತು ಬಾಯಿಗೆ ಬರುವುದಿಲ್ಲ.

ಇನ್ನೆರಡು ಎಚ್ಚರಿಕೆ. ಸರ್ಕಾರದ ಮಾರ್ಗಸೂಚಿ ಬೆಲೆ ಎಂದಿರುತ್ತದೆ. ರಾಜ್ಯದಲ್ಲೆಲ್ಲ ಅದನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಿದರು. ನೀವು ಅದಕ್ಕಿಂತ ಕಡಿಮೆಗೆ ಕೊಂಡರೂ ಶುಲ್ಕ ಕಟ್ಟುವುದು ಆ ಬೆಲೆಯ ಮೇಲೇ. ಆದ್ದರಿಂದ ಕೇಳುವ ಮುಂಚೆ ಅದನ್ನು ನೋಡಿಕೊಳ್ಳಿ.

“ಕಾಗದದಾಗ ಕಮ್ಮಿ ತೋರಸೋಣ, ಉಳಿದದ್ದು ಕೈಯಾಗ ಕೊಡ್ರಿ” ಎಂಬ ಮಾತಿಗೆ ಮರುಳಾಗಬೇಡಿ. ಕಾಗದದ ಬೆಲೆ ಮತ್ತು ಬ್ಯಾಂಕಿನವರು ಕಟ್ಟಿದ ಬೆಲೆ, ಇವೆರಡರಲ್ಲಿ ಕಡಿಮೆಯಿದ್ದುದರ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. 30 ಲಕ್ಷದವರೆಗಿನ ಸಾಲಕ್ಕೂ ಹೆಚ್ಚೆಂದರೆ ಶೇ. 90. ಕಾಗದದಲ್ಲಿ ಇಳಿಸಿದರೆ ಸಾಲವೂ ಇಳಿಯಿತು. ಮೇಲಾಗಿ ಮನೆಯ ವ್ಯವಹಾರದಲ್ಲಿ 20,000 ಮತ್ತು ಅದಕ್ಕೂ ಹೆಚ್ಚಿನ ಹಣವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2015ರಲ್ಲಿಯೇ ನಿಷೇಧಿಸಿತು. ಕೈಯಲ್ಲಿ ಕೊಟ್ಟದ್ದಕ್ಕೆ ನಾಳೆ ಸಾಕ್ಷಿಯೂ ಇರುವುದಿಲ್ಲ.

ಕೇಳುವ ದಿನ

ನಮ್ಮ ಭಾಷೆಯಲ್ಲಿ ಮಾರುವವರು ಬೆಲೆ ‘ಹೇಳುತ್ತಾರೆ’, ಕೊಳ್ಳುವವರು ‘ಕೇಳುತ್ತಾರೆ’. ಕೇಳುವುದೆಂದರೆ ಕಿವಿಗೊಡುವುದೂ ಹೌದಲ್ಲವೇ? ಇದರ ಗುಟ್ಟು ನನಗೆ ಕೊನೆಯಲ್ಲಿ ತಿಳಿಯಿತು.

ಹೋಗುವ ಮುಂಚೆ ನಾವು ಕೆಲವು ಮಾತು ಆಡಿಕೊಂಡಿದ್ದೆವು. ಅಂಕಿ ಹೇಳುವವರು ಇವರೊಬ್ಬರೇ. ನಾನು ನಡುವೆ ಬಾಯಿ ಹಾಕುವಂತಿಲ್ಲ. ಹೊಗಳುವಂತಿಲ್ಲ, ತೆಗಳುವಂತೆಯೂ ಇಲ್ಲ. ಕಷ್ಟಪಟ್ಟು ಕಟ್ಟಿಸಿದವರ ಮನೆಯನ್ನು ಹೀಯಾಳಿಸಿದರೆ ಅವರ ಮನಸ್ಸು ಮುರಿಯುತ್ತದೆ, ಬೆಲೆ ಇಳಿಯುವುದಿಲ್ಲ. ಕೇಳುವ ಪ್ರತಿ ಅಂಕಿಗೂ ಒಂದು ಕಾರಣ ಇರಬೇಕು.

ಇವರು 22 ಲಕ್ಷಕ್ಕೆ ಕೇಳಿದರು. “ಮಾಳಿಗಿ, ಪೈಪು, ವಾಯರಿಂಗು ಇಷ್ಟಾಗ್ತದ್ರಿ, ಗೌಂಡಿ ಬರದು ಕೊಟ್ಟಾನ” ಎಂದು ಚೀಟಿ ಮುಂದಿಟ್ಟರು. ಮಾಲೀಕರು ಸಿಟ್ಟಾಗಲಿಲ್ಲ. ಚೀಟಿ ಓದಿ 27ಕ್ಕೆ ಇಳಿದರು. ನಾವು 23.25. ಅವರು 26. ನಾವು 24. ಅವರು 25.

ನೋಡಿ, ನಾವು ಏರಿದ ಮೆಟ್ಟಿಲು ಸಣ್ಣದಾಗುತ್ತ ಬಂತು. ಮೊದಲು ಒಂದೂಕಾಲು ಲಕ್ಷ, ಆಮೇಲೆ ಮುಕ್ಕಾಲು. ಇವರ ಕೈಯಲ್ಲಿ ಇನ್ನು ಅರ್ಧವೇ ಉಳಿದಿದೆ ಎಂದು ಎದುರಿನವರಿಗೆ ಹೇಳದೆಯೇ ತಿಳಿಯುತ್ತದೆ. ಒಂದೇ ಅಳತೆಯ ಮೆಟ್ಟಿಲು ಏರುತ್ತ ಹೋದರೆ, ಇನ್ನೂ ಏರುತ್ತಾರೆಂದು ಅವರು ಕಾಯುತ್ತಾರೆ.

25 ಎಂದಾಗ ಇವರು ನನ್ನ ಕಡೆ ನೋಡಿದರು. ನನ್ನ ಎದೆ ಡವಡವ ಅನ್ನುತ್ತಿತ್ತು. ಇನ್ನು ಒಂದೇ ಲಕ್ಷದ ಅಂತರ! ಬಾಯಿಬಿಟ್ಟರೆ ಮನೆ ನಮ್ಮದು. ಆದರೆ ನೋಟ್‌ಬುಕ್ಕಿನ ಗೆರೆ ಕಣ್ಣಮುಂದೆ ಬಂತು. “ವಿಚಾರ ಮಾಡ್ರಿ ಅಣ್ಣಾರ, ನಾವೂ ಮಾಡ್ತೀವಿ” ಎಂದು ಚಹಾ ಮುಗಿಸಿ, ನಮಸ್ಕಾರ ಮಾಡಿ ಎದ್ದೆವು. ಮನೆಗೆ ಬಂದು ನಾನು ಅತ್ತುದನ್ನು ಮಾತ್ರ ಇವರಿಗೆ ಹೇಳಿಲ್ಲ. ಈ ಬರಹ ಅಚ್ಚಾದ ಮೇಲೆ ತಿಳಿಯಲಿ.

ನಾಲ್ಕು ದಿನ ಯಾರ ಫೋನೂ ಇಲ್ಲ. ವೀರಭದ್ರೇಶ್ವರ ಜಾತ್ರೆಯ ಗದ್ದಲದಲ್ಲಿ ದೇವಸ್ಥಾನದ ಹತ್ತಿರ ಆ ಮನೆಯಾಕೆಯೇ ಎದುರಾದರು. ಬೆಲೆಯ ಮಾತೆತ್ತದೆ, “ಮನಿ ಬಿಟ್ಟು ಎಲ್ಲಿ ಹೋಗ್ತೀರಿ ಅಕ್ಕಾರ?” ಎಂದು ಕೇಳಿದೆ. ಅವರ ಕಣ್ಣಲ್ಲಿ ನೀರು ಬಂತು. “ಇವರಿಗಿ ಕಲಬುರಗಿಗೆ ಬದಲಿ ಆಗ್ಯಾದ. ಹುಡುಗಿ ಹತ್ತನೇತ್ತ ಪರೀಕ್ಷಾ ಮಾರ್ಚ್‌ದಾಗ ಅದ. ಕೊಳ್ಳೋರೆಲ್ಲ ತಿಂಗಳದಾಗ ಖಾಲಿ ಮಾಡ್ರಿ ಅಂತಾರ. ನಡುವ ಸಾಲಿ ಹ್ಯಾಂಗ ಬಿಡಸಲಿ?”

ನಾವು ಮೂರು ವಾರ ಬೆಲೆ ಕೇಳಿದ್ದೆವು, ಇದನ್ನು ಕೇಳಿರಲಿಲ್ಲ! ಮರುದಿನ ಇಬ್ಬರೂ ಹೋದೆವು. “ನಿಮ್ಮ ಹುಡುಗಿ ಪರೀಕ್ಷಾ ಮುಗಿಯಲಿ. ಈಗ ಕರಾರು ಬರಿಯೋಣ, ನೋಂದಣಿ ಏಪ್ರಿಲ್‌ದಾಗ. ಕೀಲಿ ಅದೇ ದಿನ ಕೊಡ್ರಿ. ಇಪ್ಪತ್ನಾಲ್ಕೂವರೆ ನಮ್ಮ ಕೊನೀ ಮಾತು” ಎಂದರು ಇವರು. ಮಾಲೀಕರು ಹೆಂಡತಿಯ ಮುಖ ನೋಡಿ ಒಪ್ಪಿದರು. ಬಾಕಿಯಿದ್ದ ಮನೆ ತೆರಿಗೆ ಅವರದೇ ಎಂದಾಯಿತು. ನೀರಿನ ಟಾಕಿ ಮತ್ತು ಮೋಟಾರನ್ನು ನಮಗೇ ಬಿಟ್ಟರು. ನಮ್ಮ ಕಡೆ ಬಯಾನಾ ಅನ್ನುವ ಇಸಾರದ ಹಣವನ್ನು ಚೆಕ್ಕಿನಲ್ಲಿ ಕೊಟ್ಟು, ವಕೀಲರಿಂದ ಕರಾರು ಬರೆಸಿ, ಬಿಡುವ ತಾರೀಕನ್ನೂ ಅದರಲ್ಲಿ ಹಾಕಿಸಿದೆವು. ಮಾತು ಎಷ್ಟು ಒಳ್ಳೆಯದಿದ್ದರೂ ಕಾಗದದ ಮೇಲೆ ಇರಲಿ. ಅವರಿಗೆ ಮೂರು ತಿಂಗಳ ನೆಮ್ಮದಿ ಬೇಕಿತ್ತು, ನಮಗೆ ಐವತ್ತು ಸಾವಿರ ಬೇಕಿತ್ತು. ಅವರ ಕಷ್ಟ ತಿಳಿದ ಮೇಲೆ ಅದನ್ನೇ ಹಿಡಿದು ಇನ್ನೂ ಇಳಿಸೋಣವೆಂದು ದಲಾಲಿ ಕಣ್ಣು ಮಿಟುಕಿಸಿದ್ದುಂಟು. ನಾವು ಒಪ್ಪಲಿಲ್ಲ. ಅಳುತ್ತ ಬಿಟ್ಟುಹೋದವರ ಮನೆಯಲ್ಲಿ ದೀಪ ಹಚ್ಚಲು ಮನಸ್ಸು ಬರುವುದೇ?

ಕೊನೆಯ ಮಾತು

ನಮ್ಮ ಅಂಕಿಗಳು ನಮ್ಮ ಓಣಿಯವು. ನಿಮ್ಮೂರಿನ ದರ ಬೇರೆ, ನಿಮ್ಮ ಸಂಪಾದನೆ ಬೇರೆ. ಕ್ರಮ ಮಾತ್ರ ಎಲ್ಲರಿಗೂ ಒಂದೇ. ಮೊದಲು ಸಹಿಗಳು, ಆಮೇಲೆ ಮೂರು ಅಂಕಿ, ಆಮೇಲೆ ಗೆರೆ, ಅದಾದ ಮೇಲೆ ಮಾತು. ಗೆರೆ ದಾಟಬೇಕಾಗಿ ಬಂದರೆ ಎದ್ದು ಬನ್ನಿ. ಮನೆ ಇನ್ನೊಂದು ಸಿಗುತ್ತದೆ. ಈ ಲೆಕ್ಕದಲ್ಲಿ ಹೆಂಗಸರಾದ ನಾವು ಚಹಾ ಕೊಡುವುದಕ್ಕಷ್ಟೇ ಇರಬಾರದು. ತಿಂಗಳ ಕೊನೆಗೆ ಎಣ್ಣೆ, ಬೇಳೆ, ಶಾಲೆಯ ಫೀಸು ಹೊಂದಿಸುವವರು ನಾವೇ ತಾನೇ? ಕಂತು ತಾಳುತ್ತದೋ ಇಲ್ಲವೋ ಎಂಬುದು ನಮ್ಮಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಖರೀದಿ ಪತ್ರ ಇಬ್ಬರ ಹೆಸರಿನಲ್ಲಿಯೂ ಆಗಲಿ. ನಮ್ಮದು ಹಾಗೆಯೇ ಆಗುವುದೆಂದು ಕರಾರಿನಲ್ಲಿಯೇ ಬರೆಸಿದೆವು.

ಬಸವಕಲ್ಯಾಣದ ಆ ಮನೆ ಏನಾಯಿತೆಂದು ಕೇಳುವಿರಾ? ಮೊನ್ನೆ ಬಸ್ಸಿನಲ್ಲಿ ಆ ಓಣಿಯವರೊಬ್ಬರು ಸಿಕ್ಕಿದ್ದರು. ಇನ್ನೂ ಮಾರಾಟವಾಗಿಲ್ಲವಂತೆ. ಅಣ್ಣತಮ್ಮಂದಿರು ಕೊನೆಗೆ ಉಮರಗಾಕ್ಕೆ ಹೋಗಿ ತಂಗಿಯ ಸಹಿ ಕೇಳಿದರಂತೆ. ಆಕೆ ಇಲ್ಲ ಅನ್ನಲಿಲ್ಲವಂತೆ. ಕಾಗದ ಕೈಗೆ ತೆಗೆದುಕೊಂಡು, “ಎಷ್ಟಕ್ಕೆ ಮಾರಲಿಕತ್ತೀರಿ ಅಣ್ಣಾ?” ಎಂದು ಮೊದಲು ಕೇಳಿದಳಂತೆ.